ಮಾತು ಮತ್ತು ಮೈ

ನಮ್ಮಲ್ಲಿ ಕಾವ್ಯವಿಮರ್ಶೆ ಉಂಟು, ಕಾದಂಬರಿಯ ವಿಮರ್ಶೆ ಉಂಟು. ನಾಟಕ ನೋಡಿ ಬಂದವರು ನಟನ ನಿಲುವು ನಡಿಗೆಗಳನ್ನು ಕುರಿತು ವಾರಗಟ್ಟಲೆ ವಾದಿಸುವುದೂ ಉಂಟು. ಆದರೆ ವರ್ಷವಿಡೀ ನಾವು ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ, ಎಷ್ಟೋ ಸಲ ಸಹಿಸುವ, ಪ್ರಕಾರವೊಂದಿದೆ. ಅದನ್ನು ಮಾತ್ರ ವಿಮರ್ಶೆಗೆ ಎತ್ತಿಕೊಳ್ಳುವವರು ಕಡಿಮೆ. ಅದೇ ಭಾಷಣ. ಪುಸ್ತಕದ ಬಿಡುಗಡೆಯಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಭಾಷಣವಿಲ್ಲದೆ ನಮ್ಮ ಯಾವ ಕಾರ್ಯವೂ ಸಾಗದು. ಮರುದಿನದ ವರದಿಯಲ್ಲಿ ಇಂಥವರು ಹೀಗೆಂದರು ಎಂದು ಬರುತ್ತದೆ; ಹಾಗೆನ್ನುವಾಗ ಅವರ ಕಣ್ಣು ಎಲ್ಲಿತ್ತು, ಕೈ ಏನು ಮಾಡುತ್ತಿತ್ತು, ಕೇಳುವವರ ಕಡೆಗೆ ಅವರ ಮೈ ತಿರುಗಿತ್ತೆ ಇಲ್ಲವೆ ಎಂಬುದು ಬರುವುದಿಲ್ಲ. ಏನು ಹೇಳಿದರೆಂಬುದು ವರದಿಗಾರನ ಪಾಲು, ಹೇಗೆ ಹೇಳಿದರೆಂಬುದು ವಿಮರ್ಶಕನ ಪಾಲು ಎನ್ನುವುದಾದರೆ, ವಿಮರ್ಶಕ ತನ್ನ ಪಾಲನ್ನು ಬಹುಮಟ್ಟಿಗೆ ಬಿಟ್ಟೇ ಕೊಟ್ಟಿದ್ದಾನೆ ಎನ್ನಬೇಕು.

ಈ ವಿಷಯದಲ್ಲಿ ಮಾತನಾಡಲು ನನಗಿರುವ ಅರ್ಹತೆ ನಾನು ಮಾಡಿದ ತಪ್ಪೊಂದೇ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದೆ. ಮೇಜಿನ ಮೇಲೆ ಟಿಪ್ಪಣಿಯಿಲ್ಲದೆ ಒಂದು ದಿನವೂ ನಿಂತವನಲ್ಲ. ಅದರಿಂದ ಯಾರಿಗೂ ಹೆಚ್ಚಿನ ಹಾನಿಯಾಯಿತೆಂದು ನನಗೆ ತೋರಿರಲಿಲ್ಲ. ನಾನು ತಲೆ ತಗ್ಗಿಸಿ ಓದುತ್ತಿದ್ದೆ, ವಿದ್ಯಾರ್ಥಿಗಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು, ಲೆಕ್ಕ ಸಮವಾಗಿತ್ತು. ಕೆಲವು ವರ್ಷಗಳ ಹಿಂದೆ ನನ್ನ ಆಪ್ತಮಿತ್ರರೊಬ್ಬರು ತೀರಿಕೊಂಡರು. ನಲವತ್ತು ವರ್ಷದ ಒಡನಾಟ. ಶ್ರದ್ಧಾಂಜಲಿ ಸಭೆಯಲ್ಲಿ ನಾನು ಮಾತನಾಡಬೇಕಾಯಿತು. ಎರಡು ರಾತ್ರಿ ಕುಳಿತು ಬರೆದೆ. ಬರೆದದ್ದು ಚೆನ್ನಾಗಿಯೇ ಇತ್ತು. ಆಮೇಲೆ ಅದು ಸ್ಮರಣ ಸಂಚಿಕೆಯಲ್ಲಿ ಅಚ್ಚಾದಾಗ ಓದಿ ಕಣ್ಣೊರಸಿಕೊಂಡೆವೆಂದು ಹೇಳಿದವರೂ ಇದ್ದರು. ಆದರೆ ಸಭೆ ಮುಗಿದು ಮೆಟ್ಟಿಲಿಳಿಯುವಾಗ ಮಿತ್ರರ ಪತ್ನಿ ನನ್ನನ್ನು ನಿಲ್ಲಿಸಿ, “ತುಂಬ ಚೆನ್ನಾಗಿ ಬರೆದಿದ್ರಿ. ಒಂದ್ಸಲನಾದ್ರೂ ತಲೆ ಎತ್ತಿ ನಮ್ಮ ಕಡೆ ನೋಡ್ತೀರೇನೋ ಅಂತ ಕಾಯ್ತಾ ಇದ್ದೆ” ಎಂದರು. ಅದರಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ಉತ್ತರ ಹೇಳಿ ಮರೆಯಬಹುದಾಗಿತ್ತು. ಅವರಿಗೆ ಬೇಕಾಗಿದ್ದುದು ನನ್ನ ಗದ್ಯವಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವರ ಕಡೆಗೆ ನನ್ನ ಮುಖ ಒಮ್ಮೆ ಏಳಬೇಕಾಗಿತ್ತು, ಅಷ್ಟೆ. ಮಾತು ಪೂರ್ತಿ ಅವರನ್ನು ಮುಟ್ಟಿತು, ನಾನು ಮುಟ್ಟಲಿಲ್ಲ.

ಈ ನೆನಪು ಈಚೆಗೆ ಮತ್ತೆ ಎದ್ದುದು ನನ್ನ ತಂಗಿಯ ಮಗಳ ನಿಮಿತ್ತವಾಗಿ. ಅವಳು ತಿಪಟೂರಿನ ಕಡೆಯ ಕನ್ನಡ ಶಾಲೆಯಲ್ಲಿ ಓದಿ, ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಗೋದಾಮುಗಳಿಂದ ಅಂಗಡಿಗಳಿಗೆ ಹೋಗುವ ಸರಕಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವ ಕೆಲಸ. ಒಂದೇ ಲಾರಿಯ ಲೋಡು ಎರಡು ಸಲ ಲೆಕ್ಕಕ್ಕೆ ಬೀಳುತ್ತಿದ್ದ ದೋಷವೊಂದನ್ನು ಅವಳೇ ಕಂಡುಹಿಡಿದಿದ್ದಳು. ಅದನ್ನು ಮೇಲಿನವರೆದುರು ಹದಿನೈದು ನಿಮಿಷ ನಿಂತು ವಿವರಿಸಬೇಕಾಗಿತ್ತು. ಇದಕ್ಕೆ ಅವರ ಭಾಷೆಯಲ್ಲಿ ಪ್ರೆಸೆಂಟೇಷನ್ ಎಂದು ಹೆಸರು. ಕಂಪೆನಿಯವರು ಅದಕ್ಕೆ ಮೊದಲು ಎರಡು ದಿನದ ತರಬೇತಿ ಕೊಡಿಸಿದ್ದರು. ಅದರಲ್ಲಿ ಅರ್ಧ ದಿನ ಬಾಡಿ ಲ್ಯಾಂಗ್ವೇಜಿಗೆ ಮೀಸಲು. ಎಲ್ಲರಿಗೂ ಹೇಳಿದ್ದಲ್ಲದೆ ತರಬೇತಿಯವರು ಅವಳಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಿದ್ದರಂತೆ: ನೀನು ಕೈ ಬಹಳ ಆಡಿಸುತ್ತೀಯೆ, ಸಂತೆಯಲ್ಲಿ ನಿಂತು ಮಾತಾಡಿದ ಹಾಗೆ ಕಾಣುತ್ತದೆ.

ಒಂದು ಸಂಜೆ ಅವಳು ನಮ್ಮ ಮನೆಯ ನಡುಮನೆಯಲ್ಲಿ ನನ್ನನ್ನೂ ನನ್ನ ಹೆಂಡತಿಯನ್ನೂ ಕೂರಿಸಿಕೊಂಡು ಅಭ್ಯಾಸಕ್ಕೆ ನಿಂತಳು. ಎರಡು ಕೈಯ ಬೆರಳ ತುದಿಗಳನ್ನು ಹೊಟ್ಟೆಯ ಮುಂದೆ ಗೋಪುರದಂತೆ ಜೋಡಿಸಿದಳು. ಮೂರು ಕಾರಣಗಳು ಎಂದಾಗ ಮೂರು ಬೆರಳು ಮೇಲೆದ್ದುವು. ಬೆಳವಣಿಗೆ ಎಂದಾಗ ಅಂಗೈ ಏಣಿ ಹತ್ತಿತು. ನಾವೆಲ್ಲರೂ ಎಂದಾಗ ಎರಡು ತೋಳೂ ತೆರೆದು ನಮ್ಮಿಬ್ಬರನ್ನೂ ತಬ್ಬಿಕೊಂಡಂತಾಯಿತು. ಪ್ರತಿ ಸಲವೂ ಕೆಲಸ ಮುಗಿದೊಡನೆ ಕೈಗಳು ಒರೆಗೆ ಹೋಗುವ ಕತ್ತಿಯಂತೆ ಮತ್ತೆ ಹೊಟ್ಟೆಯ ಮುಂದೆ ಬಂದು ಸೇರುತ್ತಿದ್ದುವು. ನಗುವುದಕ್ಕೂ ಗುರುತು ಹಾಕಿದ ಸ್ಥಳಗಳಿದ್ದುವು. ಇಷ್ಟರ ನಡುವೆ ಮಾತೇ ಕಡಿದು ಕಡಿದು ಹೋಗುತ್ತಿತ್ತು. ನಾಲ್ಕು ಸಲ ನಿಂತಳು, ನಾಲ್ಕು ಸಲ ಮೊದಲಿನಿಂದ ಹಿಡಿದಳು. ಕೊನೆಗೆ ಕುಳಿತುಬಿಟ್ಟು, “ಆಗಲ್ಲ ಮಾವ. ನಂಗೆ ಇಂಗ್ಲಿಷೇ ಬರಲ್ಲ” ಎಂದಳು. ಅವಳು ಕಂಡುಕೊಂಡ ಕಾರಣ ಅದು: ತನ್ನ ಶಾಲೆ, ತನ್ನ ಊರು, ತನ್ನ ಹುಟ್ಟು. ಕಟ್ಟಿಹಾಕಿದ್ದುದು ಅವಳ ಕೈಯನ್ನು; ಅವಳು ದೂರಿಕೊಂಡದ್ದು ತನ್ನ ನಾಲಗೆಯನ್ನು.

ಕಾಗದ ಬಿಟ್ಟು ಮಾತಾಡಲಾರದವನು ಅವಳಿಗೆ ಏನು ಬುದ್ಧಿ ಹೇಳಿಯಾನು? ಹೆಂಡತಿ ಕಾಫಿ ತಂದಳು. ಹೊತ್ತು ಕಳೆಯಲೆಂದು, ಆ ದೋಷವೆಂದರೆ ಏನಮ್ಮ ಎಂದು ಕೇಳಿದೆ. ಅವಳು ಲೋಟವನ್ನು ಎಡಕ್ಕಿಟ್ಟಳು, ದವರವನ್ನು ಬಲಕ್ಕೆ ಸರಿಸಿದಳು. “ನೋಡಿ ಮಾವ, ಇದು ಗೋಡೌನು, ಇದು ಅಂಗಡಿ. ಲಾರಿ ಇಲ್ಲಿಂದ ಹೊರಡತ್ತೆ, ಗೇಟ್ ಹತ್ರ ಒಂದು ಎಂಟ್ರಿ ಆಗತ್ತೆ. ಆಗಲೇ ನೆಟ್‌ವರ್ಕ್ ಹೋಯ್ತು ಅಂದ್ಕೊಳ್ಳಿ. ಆಯ್ತೋ ಇಲ್ವೋ ಅಂತ ಅವನು ಇನ್ನೊಂದ್ಸಲ ಒತ್ತುತಾನೆ. ಇದು ಎರಡು ಲಾರಿ ಅಂತ ತಿಳ್ಕೊಂಡುಬಿಡತ್ತೆ, ಇರೋದು ಒಂದೇ!” ಅಂಗೈ ಲಾರಿಯಾಗಿ ಹೊರಟಿತು, ಹೆಬ್ಬೆರಳು ಗುಂಡಿಯನ್ನೊತ್ತಿತು, ಒಂದೇ ಎನ್ನುವಾಗ ಎರಡು ಕೈಯೂ ಒಂದರ ಮೇಲೊಂದು ಕೂತುವು. ಲೆಕ್ಕವೆಂದರೆ ದೂರ ಓಡುವ ನನಗೂ ವಿಷಯ ಹಗಲಿನಷ್ಟು ಸ್ಪಷ್ಟವಾಯಿತು. ನಡುನಡುವೆ ಬಂದ ಇಂಗ್ಲಿಷೂ ಸರಾಗವಾಗಿಯೇ ಬಂತು. ಅದೇ ಹುಡುಗಿ, ಅದೇ ವಿಷಯ, ಐದು ನಿಮಿಷದ ಅಂತರ.

ಅವಳ ತರಬೇತಿಯ ಪುಸ್ತಿಕೆಯನ್ನು ಕುತೂಹಲದಿಂದ ತೆರೆದು ನೋಡಿದೆ. ಮೊದಲ ಪುಟದಲ್ಲೇ ದಪ್ಪ ಅಂಕಿಗಳು: ಮಾತಿನ ಪರಿಣಾಮದಲ್ಲಿ ದೇಹದ ಪಾಲು ಶೇಕಡ 55, ದನಿಯ ಪಾಲು 38, ಶಬ್ದಗಳ ಪಾಲು ಬರಿಯ 7. ಈ ಅಂಕಿಗಳನ್ನು ಲೋಕದ ತುಂಬ ಶ್ರುತಿವಾಕ್ಯದಂತೆ ಹೇಳುತ್ತಾರೆ. ಇವುಗಳ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಅವರ ಸಂಗಡಿಗರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು. ಅಲ್ಲಿ ಯಾರೂ ಭಾಷಣ ಮಾಡಲಿಲ್ಲ. ಬಿಡಿ ಶಬ್ದಗಳನ್ನು ಬೇರೆ ಬೇರೆ ದನಿಗಳಲ್ಲಿ ಕೇಳಿಸಿ, ಮುಖದ ಛಾಯಾಚಿತ್ರಗಳನ್ನು ತೋರಿಸಿ, ಹೇಳಿದವರ ಮನಸ್ಸಿನಲ್ಲಿರುವುದು ಪ್ರೀತಿಯೋ ಅಪ್ರೀತಿಯೋ ಎಂದು ಊಹಿಸಲು ಕೇಳಿದ್ದರು. ಮಾತು ಒಂದು, ಮುಖ ಇನ್ನೊಂದು ಹೇಳಿದಾಗ ನಾವು ಮುಖವನ್ನು ನಂಬುತ್ತೇವೆ ಎಂಬುದು ಅದರ ತಾತ್ಪರ್ಯ. ಭಾವನೆ ಒಲವುಗಳ ವಿಷಯ ಬಿಟ್ಟು ಬೇರೆ ಮಾತಿಗೆ ಈ ಲೆಕ್ಕ ಸಲ್ಲದೆಂದು ಮೆಹ್ರೇಬಿಯನ್ನರೇ ಹೇಳಿದ್ದಾರೆ. ಅವರ ಅಂಕಿಗಳು ದೇಶ ಸುತ್ತಿದುವು. ಅವರ ಎಚ್ಚರಿಕೆ ಮನೆಯಲ್ಲೇ ಉಳಿಯಿತು. ಶಬ್ದದ ಪಾಲು ನಿಜವಾಗಿಯೂ ಏಳೇ ಆಗಿದ್ದರೆ, ಒಂದಕ್ಷರವೂ ಬಾರದ ಭಾಷೆಯ ಉಪನ್ಯಾಸಕ್ಕೆ ಹೋಗಿ ಕುಳಿತರೂ ನಮಗೆ ನೂರಕ್ಕೆ ತೊಂಬತ್ತಮೂರು ಪಾಲು ತಿಳಿಯಬೇಕಾಗಿತ್ತು. ನನ್ನಂಥ ಮೇಷ್ಟರುಗಳು ವ್ಯಾಕರಣ ಹೇಳಿ ಮಕ್ಕಳನ್ನು ಗೋಳುಹೊಯ್ದುಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಎರಡನೆಯ ಪುಟದಲ್ಲಿ ಒಂದು ಚಿತ್ರ: ಸೊಂಟದ ಮೇಲೆ ಎರಡು ಕೈ, ಅಗಲಿಸಿ ಊರಿದ ಕಾಲು. ಸಭೆಗೆ ಮುಂಚೆ ಎರಡು ನಿಮಿಷ ಹೀಗೆ ನಿಂತರೆ ಧೈರ್ಯ ಬರುತ್ತದಂತೆ, ರಕ್ತದ ಹಾರ್ಮೋನುಗಳೇ ಬದಲಾಗುತ್ತವಂತೆ. ಇದಕ್ಕೆ ಆಧಾರ ಡೇನಾ ಕಾರ್ನಿ, ಏಮಿ ಕಡಿ, ಆಂಡಿ ಯಾಪ್ ಎಂಬ ಮೂವರು 2010ರಲ್ಲಿ 42 ಜನರ ಮೇಲೆ ನಡೆಸಿದ ಅಧ್ಯಯನ. 2015ರಲ್ಲಿ ಬೇರೆಯವರು 200 ಜನರ ಮೇಲೆ ಮತ್ತೆ ಪರೀಕ್ಷಿಸಿದಾಗ ಹಾಗೆ ನಿಂತವರಿಗೆ ಬಲ ಬಂದಂತೆ ಅನ್ನಿಸಿದ್ದು ನಿಜ, ಹಾರ್ಮೋನು ಮಾತ್ರ ಬದಲಾಗಲಿಲ್ಲ. 2016ರಲ್ಲಿ ಕಾರ್ನಿಯವರೇ ಆ ಪರಿಣಾಮದಲ್ಲಿ ತಮಗೆ ನಂಬಿಕೆಯಿಲ್ಲವೆಂದು ಬಹಿರಂಗವಾಗಿ ಹೇಳಿದರು. ಮೊದಲು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡ ಅವರ ದಿಟ್ಟತನ ಸೊಂಟದ ಮೇಲೆ ಕೈಯಿಟ್ಟು ಬಂದದ್ದಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಹೀಗೆಂದ ಮಾತ್ರಕ್ಕೆ ಮಾತಿನಲ್ಲಿ ಮೈಗೆ ಕೆಲಸವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಅದರ ಕೆಲಸ ಈ ಪುಸ್ತಿಕೆ ತಿಳಿದದ್ದಕ್ಕಿಂತ ದೊಡ್ಡದು. ಹುಟ್ಟುಕುರುಡರು, ಇನ್ನೊಬ್ಬರು ಕೈಯಾಡಿಸುವುದನ್ನು ಎಂದೂ ನೋಡದವರು, ಮಾತನಾಡುವಾಗ ಕೈಯಾಡಿಸುತ್ತಾರೆ. ಕೇಳುವವರೂ ಕುರುಡರೆಂದು ತಿಳಿದಾಗಲೂ ಆಡಿಸುತ್ತಾರೆ. ಜ್ಯಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ 1998ರಲ್ಲಿ ಇದನ್ನು ತೋರಿಸಿಕೊಟ್ಟರು. ಅದಕ್ಕೆ ಎರಡು ವರ್ಷ ಮೊದಲು, 1996ರಲ್ಲಿ, ಇನ್ನೊಂದು ತಂಡದವರು ಮಾತಾಡುವವರ ಕೈಗಳನ್ನು ಅಲುಗಾಡದಂತೆ ತಡೆದು ನೋಡಿದ್ದರು. ಸ್ಥಳ, ಚಲನೆಗಳನ್ನು ವರ್ಣಿಸಬೇಕಾದ ಕಡೆಯಲ್ಲೆಲ್ಲ ಅವರ ಮಾತು ತಡವರಿಸಿತು. ನನ್ನ ಸೋದರಸೊಸೆಯ ನಾಲ್ಕು ನಿಲುಗಡೆಗಳ ಕಾರಣ ಇಲ್ಲಿದೆ. ಲಾರಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹೇಳಬೇಕಾದವಳ ಕೈಯನ್ನೇ ಬಂಧಿಸಿಟ್ಟಿದ್ದರು. ಕೈ ಬರಿಯ ನೋಡುವವರ ಸಲುವಾಗಿ ಇರತಕ್ಕದ್ದಲ್ಲ. ಅದು ಹೇಳುವವನ ಆಲೋಚನೆಯ ಒಂದು ಅಂಗ. ಟೆಲಿಫೋನಿನಲ್ಲಿ ದಾರಿ ಹೇಳುವವರನ್ನು ನೋಡಿ: ಎಡಕ್ಕೆ ತಿರುಗಿ ಎನ್ನುವಾಗ ಕೈ ಎಡಕ್ಕೆ ತಿರುಗಿಯೇ ತಿರುಗುತ್ತದೆ. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯೆಂದು ಹೆಸರಿಟ್ಟ ನಿಲಯ ಶುರುವಾದಾಗ ಅದರ ಧ್ವನಿವರ್ಧಕದ ಮುಂದೆ ಕುಳಿತ ಮೊದಲ ಮಾತುಗಾರರ ಕೈಗಳೂ ಸುಮ್ಮನಿದ್ದಿರಲಾರವು ಎಂದು ನನ್ನ ಊಹೆ.

ಇನ್ನೂ ಒಂದು ಸೂಕ್ಷ್ಮವಿದೆ. ಸಹಜವಾದ ಮಾತಿನಲ್ಲಿ ಕೈ ಹೊರಡುವುದು ತನಗೆ ಸಂಬಂಧಿಸಿದ ಶಬ್ದಕ್ಕಿಂತ ಒಂದು ಕ್ಷಣ ಮೊದಲು. ಇದನ್ನು ಡೇವಿಡ್ ಮೆಕ್ನೀಲ್ ಮುಂತಾದವರು ವಿವರವಾಗಿ ಅಭ್ಯಾಸಮಾಡಿದ್ದಾರೆ. ಕಲಿತ ಕೈ ಹಾಗಲ್ಲ. ಅದು ಶಬ್ದ ಬರುವುದನ್ನು ಕಾದು ಆಮೇಲೆ ಏಳುತ್ತದೆ. ಬೆಳವಣಿಗೆ ಎಂಬ ಮಾತು ಬಿದ್ದ ಮೇಲೆ ಅಂಗೈ ಏಣಿ ಹತ್ತುತ್ತದೆ. ಈ ಅರೆಕ್ಷಣದ ತಡವನ್ನು ಕೇಳುವವರು ಬಾಯಲ್ಲಿ ಹೇಳಲಾರರು. ಆದರೆ ಎಲ್ಲೋ ಸುಳ್ಳಿದೆ ಎಂದು ಅವರ ಮನಸ್ಸಿಗೆ ತಟ್ಟಿರುತ್ತದೆ.

ಈ ಮಾತು ಹೊಸದೇನೂ ಅಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಕ್ವಿಂಟಿಲಿಯನ್ ವಾಗ್ಮಿಯ ಶಿಕ್ಷಣವನ್ನು ಕುರಿತ ತನ್ನ ಗ್ರಂಥದ 11ನೆಯ ಭಾಗದಲ್ಲಿ ಬೆರಳುಗಳನ್ನೂ ಬಿಡದೆ ಕೈಯ ವಿಚಾರವನ್ನು ಹೇಳುತ್ತಾನೆ. ರೋಗಿಯ ಪ್ರಸ್ತಾಪ ಬಂದಾಗ ನಾಡಿ ಹಿಡಿದು ತೋರಿಸುವುದು, ವೀಣೆಗಾರನ ಮಾತು ಬಂದಾಗ ತಂತಿ ಮೀಟಿದಂತೆ ಬೆರಳಾಡಿಸುವುದು ವಾಗ್ಮಿಗೆ ಸಲ್ಲದು, ಅದು ನರ್ತಕನ ಕೆಲಸ. ವಾಗ್ಮಿಯ ಕೈ ಬಿಡಿ ಶಬ್ದವನ್ನಲ್ಲ, ಅಭಿಪ್ರಾಯವನ್ನು ಅನುಸರಿಸಬೇಕು, ಅಭಿಪ್ರಾಯದ ಜೊತೆಗೇ ಎದ್ದು ಅದರ ಜೊತೆಗೇ ಇಳಿಯಬೇಕು ಎನ್ನುವುದು ಅವನ ಮತ. ನಮ್ಮವರು ಇದೇ ಭೇದವನ್ನು ಇನ್ನೂ ಸೊಗಸಾಗಿ ಹೆಸರಿಟ್ಟು ಹೇಳಿದರು. ಧನಂಜಯನ ‘ದಶರೂಪಕ’ದ ಸಂಪ್ರದಾಯದಲ್ಲಿ ನೃತ್ಯದ್ದು ಪದಾರ್ಥಾಭಿನಯ, ನಾಟ್ಯದ್ದು ವಾಕ್ಯಾರ್ಥಾಭಿನಯ. ಮೊದಲನೆಯದು ಒಂದೊಂದು ಪದದ ಅರ್ಥವನ್ನು ಮೈಯಲ್ಲಿ ತೋರಿಸುವುದು. ಎರಡನೆಯದು ಇಡೀ ವಾಕ್ಯದ ಹಿಂದಿರುವ ಭಾವವನ್ನು ತೋರಿಸುವುದು. ನಾಟ್ಯಶಾಸ್ತ್ರ ಒಂಟಿಕೈಯ ಹಸ್ತಗಳನ್ನು 24 ಎಂದೂ ಜೋಡುಹಸ್ತಗಳನ್ನು 13 ಎಂದೂ ಎಣಿಸಿತು. ತಲೆಯಾಡಿಸುವುದರಲ್ಲೇ 13 ಬಗೆ ಕಂಡಿತು. ಆದರೆ ಆ ಶಾಸ್ತ್ರ ಹುಟ್ಟಿದ್ದು ರಂಗಕ್ಕಾಗಿ. ಇಂದಿನ ತರಬೇತಿಗಾರ ಗೊತ್ತಿಲ್ಲದೆಯೇ ಲೆಕ್ಕ ಒಪ್ಪಿಸುವ ಗುಮಾಸ್ತನಿಗೆ ಪದಾರ್ಥಾಭಿನಯ ಕಲಿಸುತ್ತಿದ್ದಾನೆ. ಭರತನಾಟ್ಯದಲ್ಲಿ ಅದು ಕಲೆ. ಸ್ಲೈಡಿನ ಪಕ್ಕದಲ್ಲಿ ಅದು ಅನೌಚಿತ್ಯ.

ಇನ್ನು ಸಭಾಕಂಪದ ವಿಚಾರ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯ ನಾಲ್ಕು ಬಗೆ. ಇವುಗಳಲ್ಲಿ ಕಷ್ಟದ್ದು ಸಾತ್ತ್ವಿಕ. ಮರಗಟ್ಟುವುದು, ಬೆವರುವುದು, ಮೈ ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೈಮರೆವು ಎಂದು ಸಾತ್ತ್ವಿಕಭಾವಗಳು ಎಂಟು. ಮೊದಲ ಬಾರಿಗೆ ವೇದಿಕೆ ಹತ್ತಿದ ಯಾರನ್ನಾದರೂ ನೋಡಿ. ಈ ಎಂಟರಲ್ಲಿ ಐದಾರನ್ನಾದರೂ ಗುರುವಿಲ್ಲದೆ ಅಭಿನಯಿಸಿ ತೋರಿಸುತ್ತಾರೆ! ನಟರು ವರ್ಷಗಟ್ಟಲೆ ಸಾಧಿಸಿ ಪಡೆಯುವುದನ್ನು ನಾವು ನಾಚಿಕೆಯೆಂದು ಮುಚ್ಚಿಡಲು ನೋಡುತ್ತೇವೆ. ನಡುಗುವ ದನಿಯನ್ನು ಕೇಳುಗರು ಎಷ್ಟೋ ಸಲ ಕ್ಷಮಿಸಿದ್ದಾರೆ. ಅದರಲ್ಲಿ, ಈ ಮನುಷ್ಯನಿಗೆ ನಾವು ಇಲ್ಲಿದ್ದೇವೆಂಬ ಅರಿವಾದರೂ ಇದೆ ಎಂದು ಅವರಿಗೆ ಗೊತ್ತು. ಅವರು ಕ್ಷಮಿಸದಿರುವುದು ತಮ್ಮನ್ನು ಕಾಣದ ಕಣ್ಣನ್ನು.

ಹಾಗಾದರೆ ಮಾತಾಡುವವನ ಮೈ ಹೇಗಿರಬೇಕು? ನನ್ನ ಅನುಭವದಲ್ಲಿ ಇದಕ್ಕೆ ಸಿಕ್ಕ ಅತ್ಯುತ್ತಮ ಉತ್ತರ ದಕ್ಷಿಣ ಕನ್ನಡದ ತಾಳಮದ್ದಳೆಯದು. ಯಕ್ಷಗಾನದಿಂದ ಕಿರೀಟ, ಬಣ್ಣ, ಕುಣಿತ ಎಲ್ಲವನ್ನೂ ಕಳೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಪಂಚೆ ಶಾಲುಗಳಲ್ಲಿ ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಪಾತ್ರವಾಗಿ ಆಶುವಾಗಿ ಮಾತಾಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಈ ಕಲೆಯನ್ನು ಎಂಥ ಎತ್ತರಕ್ಕೆ ಒಯ್ದರೆಂಬುದನ್ನು ಬಲ್ಲವರು ಬಲ್ಲರು. ವೇಷವಿಲ್ಲ, ಹೆಜ್ಜೆಯಿಲ್ಲ, ಎದ್ದು ನಿಲ್ಲುವಂತೆಯೂ ಇಲ್ಲ. ಆಂಗಿಕಕ್ಕೆ ಉಳಿದದ್ದು ಸೊಂಟದ ಮೇಲಿನ ಅರ್ಧ ದೇಹ ಮಾತ್ರ.

ಬಹಳ ಹಿಂದೆ ಒಂದು ಮಳೆಗಾಲದ ರಾತ್ರಿ ಅಲ್ಲಿಯ ದೇವಸ್ಥಾನವೊಂದರಲ್ಲಿ ‘ಕೃಷ್ಣಸಂಧಾನ’ ಕೇಳಿದೆ. ಕತೆ ಕುಮಾರವ್ಯಾಸನಿಂದ ಎಲ್ಲರಿಗೂ ಗೊತ್ತಿದ್ದದ್ದೇ: ಕೃಷ್ಣ ಸಭೆಗೆ ಬಂದಾಗ ಕೌರವ ಏಳುವುದಿಲ್ಲ, ಕೃಷ್ಣ ಕಾಲುಂಗುಟದಿಂದ ನೆಲವನ್ನೊತ್ತುತ್ತಾನೆ, ಸಿಂಹಾಸನ ವಾಲಿ ಕೌರವ ಅವನ ಕಾಲಬಳಿ ಬೀಳುತ್ತಾನೆ. ನೋಡಿ, ಇಲ್ಲೊಂದು ತೊಡಕಿದೆ. ತಾಳಮದ್ದಳೆಯಲ್ಲಿ ಎಲ್ಲರೂ ಕುಳಿತೇ ಇರುತ್ತಾರೆ. ಎಲ್ಲರೂ ಕುಳಿತಿರುವಲ್ಲಿ ಒಬ್ಬ ಏಳಲಿಲ್ಲ ಎಂಬುದನ್ನು ತೋರಿಸುವುದು ಹೇಗೆ?

ಕೌರವನ ಅರ್ಥ ಹೇಳುತ್ತಿದ್ದವರು ಎಪ್ಪತ್ತು ದಾಟಿದ ಹಿರಿಯರು. ಅದುವರೆಗೆ ಮಾತಿನ ಭರದಲ್ಲಿ ಅವರ ಮೈ ಮುಂದಕ್ಕೆ ಬಾಗಿತ್ತು. ಕೃಷ್ಣನ ಆಗಮನದ ಪದ್ಯ ಮುಗಿದೊಡನೆ ಅವರು ನಿಧಾನವಾಗಿ ಹಿಂದಕ್ಕೆ ಸರಿದು ಮೈಯ ಭಾರವನ್ನೆಲ್ಲ ಕುರ್ಚಿಗೆ ಕೊಟ್ಟರು. ಎರಡು ತೋಳನ್ನೂ ಕುರ್ಚಿಯ ಕೈಗಳ ಮೇಲೆ ಒಂದಾದ ಮೇಲೊಂದು ಇಳಿಸಿದರು. ಅದುವರೆಗೆ ಕುಳಿತಿದ್ದ ಮನುಷ್ಯ ಆಗ ಕುಳಿತುಕೊಂಡರು ಎಂದು ಹೇಳಿದರೆ ನನ್ನ ಮಾತು ಅರ್ಥವಾದೀತು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಸಿಂಹಾಸನ ಬೀಳುವ ಕಡೆ ಬಂದಾಗ ಅವರು ಮಾಡಿದ್ದು ಇಷ್ಟೆ: ಬಲಗೈ ತಟ್ಟನೆ ಕುರ್ಚಿಯ ಕೈಯನ್ನು ಹಿಡಿಯಿತು, ಹೆಗಲ ಶಾಲು ಜಾರಿ ತೊಡೆಯ ಮೇಲೆ ಬಿತ್ತು. ಅದನ್ನೆತ್ತಿಕೊಳ್ಳದೆ ಒಂದು ಗಳಿಗೆ ನೋಡಿದರು. ಆಮೇಲೆ, “ಬಿದ್ದದ್ದು ಸಿಂಹಾಸನ, ಬಾಗಿದವನು ನಾನಲ್ಲ” ಎಂದರು. ಕೃಷ್ಣನ ಅರ್ಥಧಾರಿ ಉತ್ತರಕ್ಕೆ ಅವಸರ ಮಾಡಲಿಲ್ಲ. ಶಾಲು ಮತ್ತೆ ಹೆಗಲಿಗೇರುವವರೆಗೆ ಕಾದರು. ಆ ಕಾಯುವಿಕೆಯೂ ಒಂದು ಮಾತಾಗಿತ್ತು.

ಮರುದಿನ ಬೆಳಗ್ಗೆ ಅವರನ್ನು ಕಂಡು, ಇದನ್ನು ಹೇಗೆ ಅಭ್ಯಾಸ ಮಾಡಿದಿರಿ ಎಂದು ಕೇಳಿದೆ. ಅವರು ನಕ್ಕರು. “ಅಭ್ಯಾಸ ಎಂಥದ್ದು ಮಾರಾಯ್ರೆ? ಎದುರಿನವರು ಹೇಳುವುದನ್ನು ಸರಿಯಾಗಿ ಕೇಳಿದರೆ ಆಯಿತು. ಕೇಳಿದರೆ ಮೈ ತನ್ನಷ್ಟಕ್ಕೇ ತಿರುಗ್ತದೆ.”

ಆ ಮಾತಿನ ಬೆಲೆ ನನಗೆ ಅಂದು ತಿಳಿಯಲಿಲ್ಲ. ಮೆಟ್ಟಿಲ ಬಳಿ ಮಿತ್ರರ ಪತ್ನಿ ಆಡಿದ ಮಾತು ಅದರ ಮೇಲೆ ಬಂದು ಕುಳಿತಾಗ ತಿಳಿಯಿತು. ಕೈ ಎಲ್ಲಿಡಬೇಕು ಎಂಬುದು ಎರಡನೆಯ ಪ್ರಶ್ನೆ. ಯಾರಿಗೆ ಹೇಳುತ್ತಿದ್ದೇನೆ ಎಂಬುದು ಮೊದಲನೆಯದು. ಮೊದಲನೆಯದಕ್ಕೆ ಉತ್ತರ ಗೊತ್ತಿದ್ದರೆ ಎರಡನೆಯದು ಹುಟ್ಟುವುದೇ ಕಡಿಮೆ. ಕಾಫಿಯ ಲೋಟ ಸರಿಸಿದಾಗ ನನ್ನ ಸೊಸೆಗೆ ಎದುರಿನಲ್ಲಿ ಒಬ್ಬ ಮನುಷ್ಯನಿದ್ದ, ಲೆಕ್ಕ ಬಾರದ ಮಾವ, ಅವನಿಗೆ ತಿಳಿಯಬೇಕಾಗಿತ್ತು. ಗೋಪುರದ ಕೈ ಹಿಡಿದು ನಿಂತಾಗ ಅವಳಿಗಿದ್ದುದು ತಾನು ಹೇಗೆ ಕಾಣುತ್ತಿದ್ದೇನೆ ಎಂಬ ಚಿಂತೆ. ಆಗ ಅವಳ ಎದುರಾಳಿ ಅವಳೇ.

ಇಲ್ಲೊಂದು ಆಕ್ಷೇಪಣೆ ಬರಬಹುದು, ಬರಲೇಬೇಕು. ಕಲಿತ ಆಂಗಿಕ ಯಾವಾಗಲೂ ಸೋಲುತ್ತದೆಯೆ? ಇಲ್ಲ. ಹಿಟ್ಲರ್ 1920ರ ದಶಕದಲ್ಲಿ ತನ್ನ ಛಾಯಾಚಿತ್ರಗಾರ ಹೈನ್ರಿಶ್ ಹಾಫ್‌ಮನ್ನನ ಕ್ಯಾಮರಾದ ಮುಂದೆ ಭಾಷಣದ ಭಂಗಿಗಳನ್ನು ಅಭ್ಯಾಸಮಾಡಿದ. ಆ ಚಿತ್ರಗಳು ಈಗಲೂ ಇವೆ. ಅವನ ಕೈ ಸೋಲಲಿಲ್ಲ. ದೇಶವೊಂದು ಅದಕ್ಕೆ ಸೋತಿತು. ಆದುದರಿಂದ ಪರಿಣಾಮವಾಯಿತು ಎಂಬುದೊಂದನ್ನೇ ಭಾಷಣದ ಅಳತೆಗೋಲು ಮಾಡುವ ಪುಸ್ತಿಕೆಗಳ ಬಗ್ಗೆ ನಮಗೆ ಭಯವಿರಬೇಕು. ತಾಳಮದ್ದಳೆ ಇಲ್ಲಿಯೂ ಒಂದು ಪಾಠ ಹೇಳುತ್ತದೆ. ಅಲ್ಲಿ ಕೌರವ ಎಷ್ಟೇ ಗತ್ತಿನಿಂದ ಕುಳಿತರೂ ಎದುರಿಗೆ ಕೃಷ್ಣ ಕುಳಿತಿರುತ್ತಾನೆ. ಅವನಿಗೆ ಉತ್ತರ ಹೇಳುವ ಹಕ್ಕಿದೆ. ಮೈಯ ಮಾತು ಮೋಡಿಯಾಗದಂತೆ ತಡೆಯುವುದು ಆ ಎದುರಾಳಿ. ಕೇಳುವವನಿಗೆ ಪ್ರಶ್ನೆ ಕೇಳುವ ಎಡೆ ಇರುವಲ್ಲಿ ಆಂಗಿಕ ಸಂಭಾಷಣೆಯಾಗುತ್ತದೆ. ಇಲ್ಲದಲ್ಲಿ ಅದು ಮಾಟ.

ನಮ್ಮ ವೇದಿಕೆಗಳಲ್ಲಿ ಈ ಎಡೆ ಎಷ್ಟಿದೆ? ಕನ್ನಡ ಸಾಹಿತ್ಯ ಸಮ್ಮೇಳನ 1915ರಿಂದ ನಡೆದುಬಂದಿದೆ. ಅಧ್ಯಕ್ಷಭಾಷಣವನ್ನು ಅಚ್ಚು ಹಾಕಿಸಿ ಹಂಚಿ, ಹಂಚಿದ್ದನ್ನೇ ಓದುವ ಪದ್ಧತಿಯೂ ನಮಗೆ ಒಗ್ಗಿಹೋಗಿದೆ. ವೇದಿಕೆಯ ಮೇಲೆ ಹದಿನೈದು ಮಂದಿ ಗಣ್ಯರು. ಭಾಷಣಕಾರ ಮೊದಲ ಐದು ನಿಮಿಷ ಹಿಂದಕ್ಕೆ ತಿರುಗಿ ಅವರ ಹೆಸರು ಹೇಳುತ್ತಾನೆ, ಕೇಳಲು ಬಂದವರಿಗೆ ಅವನ ಬೆನ್ನು. ಆಮೇಲೆ ಮುಂದಕ್ಕೆ ತಿರುಗಿದರೆ ಕಣ್ಣು ಕಾಗದಕ್ಕೆ. ಹಿಂದೆ ಕುಳಿತವರಲ್ಲಿ ಇಬ್ಬರು ಪಿಸುಗುಟ್ಟುತ್ತಿರುತ್ತಾರೆ, ಒಬ್ಬರು ಮೊಬೈಲು ನೋಡುತ್ತಿರುತ್ತಾರೆ. ಸಭೆ ನೋಡುವುದು ಅವರನ್ನು. ಬರೆದು ತರಬಾರದೆಂದು ನಾನು ಹೇಳುತ್ತಿಲ್ಲ. ಬರೆಯುವುದು ವಿಚಾರಕ್ಕೆ ಒಳ್ಳೆಯ ಶಿಸ್ತು. ಆದರೆ ಒಂದು ವಾಕ್ಯವನ್ನಾದರೂ ಪೂರ್ತಿಯಾಗಿ ಒಬ್ಬ ಮನುಷ್ಯನ ಮುಖ ನೋಡಿ ಹೇಳಿ, ಅದು ಅವನಿಗೆ ಸೇರಿತೆ ಎಂದು ಒಂದು ಗಳಿಗೆ ನಿಂತು, ಮುಂದಿನದನ್ನು ಇನ್ನೊಬ್ಬರಿಗೆ ಹೇಳುವುದು ಅಸಾಧ್ಯವೇನಲ್ಲ. ಕಾಲೂರಿ ನಿಂತರೆ ಉಸಿರು ನೆಲೆಗೊಳ್ಳುತ್ತದೆ. ಕಾಗದವನ್ನು ಮೇಜಿನ ಮೇಲಿಟ್ಟರೆ ಕೈ ಬಿಡುವಾಗುತ್ತದೆ. ಬಿಡುವಾದ ಕೈ ತನ್ನ ಕೆಲಸವನ್ನು ತಾನೇ ಹುಡುಕಿಕೊಳ್ಳುತ್ತದೆ. ನಾಡಿನ ಜನ ಸಮಯವರಿತು ಮಾತನಾಡಬಲ್ಲವರೆಂದೂ, ಆಡಿದ್ದನ್ನು ಅರಿಯಬಲ್ಲವರೆಂದೂ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೊಗಳಿತು. ಆ ಹೊಗಳಿಕೆಯ ಎರಡನೆಯ ಭಾಗಕ್ಕೆ ನಮ್ಮ ಕೇಳುಗರು ಈಗಲೂ ಯೋಗ್ಯರು. ಮೊದಲನೆಯ ಭಾಗಕ್ಕೆ ನಾವು ವೇದಿಕೆಯವರು ಯೋಗ್ಯರೆ ಎಂಬುದೇ ನನ್ನ ಅನುಮಾನ.

ಸೊಸೆಯ ಪ್ರೆಸೆಂಟೇಷನ್ ಆಯಿತು. ಮೊದಲ ಐದು ನಿಮಿಷ ಗೋಪುರ ಹಿಡಿದುಕೊಂಡೇ ನಿಂತಿದ್ದಳಂತೆ. ಆಮೇಲೆ ಒಬ್ಬ ಅಧಿಕಾರಿ, ನನಗೆ ತಿಳಿಯಲಿಲ್ಲ, ಎರಡು ಸಲ ಹೇಗೆ ಬೀಳುತ್ತದೆ ಎಂದು ಕೇಳಿದರು. ಅವಳು ಮೇಜಿನ ಮೇಲಿದ್ದ ನೀರಿನ ಬಾಟಲಿಗಳನ್ನು ಎಳೆದುಕೊಂಡು ತೋರಿಸಿದಳು. ಆ ವಾರವೇ ದೋಷವನ್ನು ಸರಿಪಡಿಸಲು ಅಪ್ಪಣೆಯಾಯಿತು. ತರಬೇತಿಯವರ ಮೌಲ್ಯಮಾಪನದ ಹಾಳೆಯಲ್ಲಿ ಮಾತ್ರ ಕೈಚಲನೆ ಅಧಿಕ ಎಂದು ಬರೆದು ಒಂದು ಅಂಕ ಕಳೆದಿದ್ದರಂತೆ. “ಹೋಗ್ಲಿ ಬಿಡಿ ಮಾವ, ಲಾರಿ ಲೆಕ್ಕ ಸರಿಹೋಯ್ತಲ್ಲ” ಎಂದು ನಕ್ಕಳು.

ಬರುವ ತಿಂಗಳು ನನ್ನ ಮಿತ್ರರ ನೆನಪಿನ ಸಭೆ. ಈ ಸಲವೂ ನನ್ನನ್ನು ಮಾತಿಗೆ ಕರೆದಿದ್ದಾರೆ. ಕಾಗದ ಬರೆದಿಟ್ಟಿದ್ದೇನೆ, ಅದನ್ನು ಜೇಬಿನಲ್ಲೇ ಉಳಿಸುವ ಧೈರ್ಯ ಬರುತ್ತದೆಯೋ ಇಲ್ಲವೋ ಹೇಳಲಾರೆ. ಹಳೆಯ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. ಆದರೆ ಮಿತ್ರರ ಪತ್ನಿ ಯಾವ ಸಾಲಿನಲ್ಲಿ ಕುಳಿತಿದ್ದಾರೆಂದು ಮೊದಲು ನೋಡಿಕೊಂಡು ಆಮೇಲೆ ಎದ್ದು ನಿಲ್ಲಬೇಕೆಂದು ಮಾತ್ರ ನಿಶ್ಚಯಿಸಿದ್ದೇನೆ.